ಹಿತ್ತಿಲ ಕೋಳಿಹಿಂಡಿಗೆ ಹೊಸಬರ ಸೇರ್ಪಡೆ

ಕಾಲೇಜಿನಲ್ಲಿ ಭೌತವಿಜ್ಞಾನವನ್ನು ಬೋಧಿಸುವವರು ಕೋಳಿಗಳ ವಿಷಯವಾಗಿ ಬರೆಯಹೊರಟರೆ ವಾಚಕರಿಗೆ ಸೋಜಿಗವೆನಿಸಬಹುದು. ಆದರೆ ಪ್ರಕೃತಿಯು ತನ್ನ ನಿಯಮಗಳನ್ನು ನಮ್ಮ ಪಠ್ಯಕ್ರಮದ ವಿಭಾಗಗಳಿಗೆ ತಕ್ಕಂತೆ ಹಂಚಿಟ್ಟಿಲ್ಲ. ನಮ್ಮ ಹಿತ್ತಿಲಲ್ಲಿ ನಡೆದ ಒಂದು ಅನಾಹುತವೇ ಈ ಲೇಖನಕ್ಕೆ ಕಾರಣ. ಅದರಲ್ಲಿ ತಪ್ಪು ಕೋಳಿಗಳದಲ್ಲ, ನಮ್ಮದು.

ಹಾಸನದ ಬಡಾವಣೆಯೊಂದರಲ್ಲಿ 30 ಅಡಿಗೆ 40 ಅಡಿಯ ನಿವೇಶನದಲ್ಲಿ ನಮ್ಮ ಮನೆ. ಹಿಂಬದಿಯಲ್ಲಿ ಕಾಂಪೌಂಡ್ ಗೋಡೆಗೆ ಹೊಂದಿದಂತೆ ಸುಮಾರು ಹತ್ತು ಅಡಿಯ ಜಾಗವುಂಟು. ಅಲ್ಲಿ ಸ್ವರ್ಣಧಾರಾ ತಳಿಯ ಆರು ಹೇಂಟೆಗಳನ್ನು ಸಾಕಿದ್ದೆವು. ದಿನಕ್ಕೆ ಮೂರು ಮೊಟ್ಟೆ ತಪ್ಪದೆ ಸಿಕ್ಕುತ್ತಿದ್ದುವು. ಒಮ್ಮೆ ಹೊಳೆನರಸೀಪುರಕ್ಕೆ ಹೋಗಿದ್ದಾಗ ಸಂತೆಯಲ್ಲಿ ಒಂದು ನಾಟಿ ಹೇಂಟೆಯನ್ನು ಕಂಡು, ಚೆಲುವಾಗಿದೆಯೆಂದು ಕೊಂಡು ತಂದೆವು. ಸಂಜೆ ಅದನ್ನು ನೇರವಾಗಿ ಹಳೆಯವುಗಳ ಗೂಡಿಗೇ ಬಿಟ್ಟು, ಬೆಳಗಾಗುವುದರೊಳಗೆ ಒಂದಕ್ಕೊಂದು ಹೊಂದಿಕೊಂಡಾವೆಂದು ನಿಶ್ಚಿಂತೆಯಿಂದ ಮಲಗಿದೆವು.

ಬೆಳಿಗ್ಗೆ ನೋಡಿದಾಗ ಹೊಸ ಹೇಂಟೆಯು ಗೋಡೆಯ ಮೂಲೆಯಲ್ಲಿ ತಲೆ ಹುದುಗಿಸಿ ನಿಂತಿತ್ತು. ಜುಟ್ಟು ಹರಿದು ರಕ್ತ ಸುರಿಯುತ್ತಿತ್ತು. ಮೂರನೆಯ ದಿನ ಅದರ ಒಂದು ಕಣ್ಣು ಹೋಯಿತು. ಐದನೆಯ ದಿನ ಅದು ಸತ್ತಿತು. ಅಷ್ಟಕ್ಕೇ ಮುಗಿಯಲಿಲ್ಲ. ಹಳೆಯ ಕೋಳಿಗಳ ಮೊಟ್ಟೆ ಮೂರರಿಂದ ಒಂದಕ್ಕಿಳಿಯಿತು. ವಾರ ಕಳೆಯುವುದರೊಳಗೆ ಅವುಗಳಲ್ಲಿ ಎರಡು ಬಾಯ್ದೆರೆದು ಉಸಿರೆಳೆಯತೊಡಗಿ, ಹಸಿರು ಭೇದಿಯಾಗಿ, ಕತ್ತು ತಿರುಚಿಕೊಂಡು ಸತ್ತವು. ರೋಗದ ಹೆಸರನ್ನು ಮುಂದೆ ಹೇಳುತ್ತೇವೆ.

ಅರಕಲಗೂಡಿನ ಕಡೆಯ ಹಳ್ಳಿಯಲ್ಲಿರುವ ನಮ್ಮ ತಾಯಿಯವರಿಗೆ ಈ ಸುದ್ದಿಯನ್ನು ತಿಳಿಸಿದಾಗ ಅವರು ಕೇಳಿದ್ದು ಒಂದೇ ಪ್ರಶ್ನೆ: “ಮಂಕರಿ ಕೆಳಗೆ ಎಷ್ಟು ದಿನ ಹಾಕಿದ್ದೆಯಪ್ಪ?”

ನಾವು ಒಂದು ದಿನವೂ ಹಾಕಿರಲಿಲ್ಲ. ಆ ಪ್ರಶ್ನೆಯಲ್ಲಿ ಎಷ್ಟು ವಿಜ್ಞಾನ ಅಡಗಿತ್ತೆಂಬುದು ಆಮೇಲೆ ಪುಸ್ತಕಗಳನ್ನು ಓದಿದಾಗ ಗೊತ್ತಾಯಿತು.

ಕುಕ್ಕುವ ಕ್ರಮ

ಕೋಳಿಗಳ ಹಿಂಡು ಮೇಲ್ನೋಟಕ್ಕೆ ಗೊತ್ತುಗುರಿಯಿಲ್ಲದ ಗುಂಪಿನಂತೆ ತೋರುತ್ತದೆ. ವಾಸ್ತವದಲ್ಲಿ ಅಲ್ಲಿ ಕಟ್ಟುನಿಟ್ಟಾದ ವ್ಯವಸ್ಥೆಯೊಂದುಂಟು. ಇದನ್ನು ಮೊದಲು ಶಾಸ್ತ್ರೀಯವಾಗಿ ವಿವರಿಸಿದವನು ನಾರ್ವೆ ದೇಶದ ಥೋರ್ಲೀಫ್ ಷೆಲ್ಡೆರುಪ್-ಎಬ್ಬೆ. 1894ರಲ್ಲಿ ಹುಟ್ಟಿದ ಈತನಿಗೆ ಬಾಲ್ಯದಿಂದಲೇ ಕೋಳಿಗಳನ್ನು ಗಮನಿಸುವ ಹವ್ಯಾಸ. ಯಾವ ಕೋಳಿ ಯಾವುದನ್ನು ಕುಕ್ಕಿತು, ಯಾವುದು ಯಾವುದಕ್ಕೆ ದಾರಿ ಬಿಟ್ಟಿತು ಎಂಬುದನ್ನು ಹುಡುಗನಾಗಿದ್ದಾಗಲೇ ಪುಸ್ತಕದಲ್ಲಿ ಬರೆದಿಡುತ್ತಿದ್ದನು. ಆ ವೀಕ್ಷಣೆಗಳು ಬೆಳೆದು 1922ರಲ್ಲಿ ಜರ್ಮನ್ ಭಾಷೆಯ ಪ್ರಬಂಧವಾಗಿ ಪ್ರಕಟವಾದುವು. ಇಂದು ಕಚೇರಿಗಳ ಮೇಲು ಕೀಳುಗಳನ್ನು ಕುರಿತು ಮಾತನಾಡುವಾಗಲೂ ಬಳಕೆಯಾಗುವ ‘ಪೆಕಿಂಗ್ ಆರ್ಡರ್’ ಎಂಬ ಮಾತಿನ ಮೂಲ ಇದೇ. ನಾವು ಅದನ್ನು ‘ಕುಕ್ಕುವ ಕ್ರಮ’ ಎಂದು ಕರೆಯೋಣ.

ಅದರ ಸಾರಾಂಶ ಹೀಗಿದೆ. ಹಿಂಡಿನ ಯಾವ ಎರಡು ಹೇಂಟೆಗಳನ್ನು ತೆಗೆದುಕೊಂಡರೂ ಅವುಗಳಲ್ಲಿ ಒಂದು ಮೇಲು, ಇನ್ನೊಂದು ಕೆಳಗು. ಮೇಲಿನದು ಕುಕ್ಕಬಹುದು, ಕೆಳಗಿನದು ಸರಿದುಕೊಳ್ಳಬೇಕು. ಮೊದಲ ಭೇಟಿಯಲ್ಲಿ ಕಾದಾಡಿ ಅಥವಾ ಬರಿಯ ಬೆದರಿಕೆಯಿಂದಲೇ ಈ ಸಂಬಂಧ ಒಮ್ಮೆ ನಿಶ್ಚಯವಾಯಿತೆಂದರೆ, ಮುಂದೆ ಕಾದಾಟದ ಅಗತ್ಯವೇ ಇರುವುದಿಲ್ಲ. ಮೇಲಿನದು ಕತ್ತೆತ್ತಿ ನೋಡಿದರೆ ಸಾಕು, ಕೆಳಗಿನದು ಕಾಳನ್ನು ಬಿಟ್ಟು ದೂರ ಸರಿಯುತ್ತದೆ. ಕುಕ್ಕುವ ಕ್ರಮವೆಂಬುದು ಹೀಗೆ ಜಗಳವನ್ನು ಹುಟ್ಟಿಸಲು ಇರುವುದಲ್ಲ, ಜಗಳವನ್ನು ಮುಗಿಸಲು ಇರುವುದು. ಹುಂಜಗಳದು ಬೇರೆ ಶ್ರೇಣಿ, ಹೇಂಟೆಗಳದು ಬೇರೆ.

ತನ್ನ ಕೋಳಿ ಕೂಗಿದರೇ ಬೆಳಗಾಗುವುದೆಂದು ನಂಬಿದ್ದ ಅಜ್ಜಿಯ ಕಥೆಯನ್ನು ನಾವೆಲ್ಲರೂ ಕೇಳಿದ್ದೇವೆ. ಸೂರ್ಯನ ವಿಷಯದಲ್ಲಿ ಅಜ್ಜಿಯ ಮಾತು ನಿಲ್ಲದು. ಆದರೆ ಹುಂಜಗಳ ವಿಷಯದಲ್ಲಿ ಅದರಲ್ಲಿ ಸ್ವಲ್ಪ ಸತ್ಯವುಂಟು. ಗುಂಪಿನಲ್ಲಿ ಎಲ್ಲಕ್ಕಿಂತ ಮೇಲಿನ ಸ್ಥಾನದ ಹುಂಜವೇ ಮೊದಲು ಕೂಗುತ್ತದೆಂದೂ, ಉಳಿದವು ತಮ್ಮ ತಮ್ಮ ಸ್ಥಾನಕ್ಕನುಸಾರವಾಗಿ ಒಂದಾದ ಮೇಲೊಂದು ಕೂಗುತ್ತವೆಂದೂ ಜಪಾನಿನ ವಿಜ್ಞಾನಿಗಳು 2015ರಲ್ಲಿ ತೋರಿಸಿಕೊಟ್ಟರು.

ಒಂದಿಷ್ಟು ಲೆಕ್ಕ

ಈಗ ನಮ್ಮ ಶಾಸ್ತ್ರಕ್ಕೆ ಒಗ್ಗುವ ಭಾಗಕ್ಕೆ ಬರೋಣ. ಆರು ಹೇಂಟೆಗಳಿದ್ದರೆ ಅವುಗಳ ನಡುವೆ ಎಷ್ಟು ಜೋಡಿಸಂಬಂಧಗಳು? ಪ್ರತಿಯೊಂದಕ್ಕೂ ಉಳಿದ ಐದರೊಡನೆ ಸಂಬಂಧ. ಪ್ರತಿ ಜೋಡಿಯೂ ಎರಡು ಸಲ ಲೆಕ್ಕಕ್ಕೆ ಬರುವುದರಿಂದ ಎರಡರಿಂದ ಭಾಗಿಸಬೇಕು. 6 × 5 ÷ 2 = 15. ಏಳನೆಯದು ಬಂದಾಗ 7 × 6 ÷ 2 = 21. ಎಂದರೆ ಆರು ಹೊಸ ಸಂಬಂಧಗಳು ನಿಶ್ಚಯವಾಗಬೇಕಾಗಿವೆ. ಆ ಆರಕ್ಕೆ ಆರೂ ಒಂದೇ ಕೋಳಿಯ ತಲೆಯ ಮೇಲೆ ಬೀಳುತ್ತವೆ! ಹಳೆಯದೊಂದಕ್ಕೆ ಒಂದೇ ಕಾದಾಟ, ಹೊಸದಕ್ಕೆ ಆರು. ಮೊದಲನೆಯದರಲ್ಲಿ ಸೋತು ದಣಿದು ನಿಂತಾಗಲೇ ಎರಡನೆಯದು ಎದುರಾಗುತ್ತದೆ.

ಒಂದರ ಬದಲು ಒಟ್ಟಿಗೆ ಬೆಳೆದ ಮೂರನ್ನು ತಂದಿದ್ದರೆ? ಒಂಬತ್ತು ಕೋಳಿಗಳಿಗೆ 9 × 8 ÷ 2 = 36 ಸಂಬಂಧಗಳು. ಹಳೆಯ 15 ಆಗಲೇ ನಿಶ್ಚಯವಾಗಿವೆ. ಹೊಸ ಮೂರರ ನಡುವಿನ 3 ಸಹ ನಿಶ್ಚಯವಾಗಿವೆ. ಉಳಿದುದು 18. ಒಟ್ಟು ಕಲಹ ಹೆಚ್ಚಾಯಿತಲ್ಲವೆ ಎಂದು ನೀವು ಕೇಳಬಹುದು. ಹೌದು, ಹೆಚ್ಚಾಯಿತು. ಆದರೆ ಒಂದು ಹಳೆಯ ಹೇಂಟೆಯು ಒಂದು ಕ್ಷಣದಲ್ಲಿ ಒಂದನ್ನು ಮಾತ್ರ ಅಟ್ಟಿಸಿಕೊಂಡು ಹೋಗಬಲ್ಲುದು. ಆದಕಾರಣ ಒಂದೊಂದು ಹೊಸ ಕೋಳಿಯ ಮೇಲೆ ಬೀಳುವ ಒತ್ತಡವು ಸರಾಸರಿಯಲ್ಲಿ ಮೂರರಲ್ಲೊಂದು ಪಾಲಿಗೆ ಇಳಿಯುತ್ತದೆ. ನಡುವೆ ಉಸಿರಾಡಲು, ನೀರು ಕುಡಿಯಲು ಬಿಡುವು ಸಿಕ್ಕುತ್ತದೆ. ಒಂಟಿ ಕೋಳಿಯನ್ನು ತರಬೇಡಿ ಎಂಬ ಅನುಭವಿಗಳ ಮಾತಿಗೆ ಆಧಾರ ಇದೇ.

ಇನ್ನೊಂದು ಕುತೂಹಲದ ಸಂಗತಿ. ಕೆಂಪು, ಕಪ್ಪು, ಬೂದು ಬಣ್ಣದ ಮೂರು ಹೇಂಟೆಗಳಿವೆಯೆನ್ನೋಣ. ಪ್ರತಿ ಕಾದಾಟದ ಫಲವೂ ನಾಣ್ಯ ಚಿಮ್ಮಿದಂತೆ ಆಕಸ್ಮಿಕವಾಗಿದ್ದರೆ, ಮೂರು ಕಾದಾಟಗಳಿಂದ ಎಂಟು ಬಗೆಯ ಫಲಗಳು ಸಾಧ್ಯ. ಅವುಗಳಲ್ಲಿ ಎರಡರಲ್ಲಿ ಕೆಂಪು ಕಪ್ಪನ್ನೂ, ಕಪ್ಪು ಬೂದನ್ನೂ, ಬೂದು ಮತ್ತೆ ಕೆಂಪನ್ನೂ ಸೋಲಿಸಿದಂಥ ಚಕ್ರ, ಇಲ್ಲವೆ ಇದಕ್ಕೆ ವಿರುದ್ಧ ದಿಕ್ಕಿನ ಚಕ್ರ ಉಂಟಾಗಬೇಕು. ಆರು ಕೋಳಿಗಳ 15 ಕಾದಾಟಗಳಿಗೆ 32,768 ಬಗೆಯ ಫಲಗಳು ಸಾಧ್ಯ. ಅವುಗಳಲ್ಲಿ ಮೇಲಿನಿಂದ ಕೆಳಗಿನವರೆಗೆ ನೇರವಾದ ಸಾಲಾಗುವಂಥವು 720 ಮಾತ್ರ, ಎಂದರೆ ಸುಮಾರು 45ರಲ್ಲಿ ಒಂದು. ಹೀಗಿದ್ದರೂ ಸಣ್ಣ ಹಿಂಡುಗಳಲ್ಲಿ ನೇರವಾದ ಸಾಲೇ ಸಾಮಾನ್ಯ, ಚಕ್ರಗಳು ಅಪರೂಪ. ಇದು ಆಕಸ್ಮಿಕವಾಗಿರಲಾರದು.

ಈ ಒಗಟಿಗೆ ಅಮೆರಿಕದ ಐವನ್ ಚೇಸ್ ಎಂಬವರು 1982ರಲ್ಲಿ ಪ್ರಕಟಿಸಿದ ಪ್ರಯೋಗಗಳು ಉತ್ತರದ ದಾರಿ ತೋರಿಸಿದುವು. ಕೆಂಪು ಕಪ್ಪನ್ನು ಸೋಲಿಸಿದ ಮೇಲೆ, ಮುಂದಿನ ಕಾದಾಟದಲ್ಲಿ ಬಹುಮಟ್ಟಿಗೆ ಎರಡೇ ಬಗೆಯ ಫಲಗಳು ಕಂಡುಬಂದುವು: ಗೆದ್ದ ಕೆಂಪು ಬೂದನ್ನೂ ಸೋಲಿಸುವುದು, ಇಲ್ಲವೆ ನೋಡುತ್ತ ನಿಂತಿದ್ದ ಬೂದು, ಸೋತ ಕಪ್ಪಿನ ಮೇಲೆ ಎರಗಿ ಗೆಲ್ಲುವುದು. ಇವೆರಡರಲ್ಲಿ ಯಾವುದು ನಡೆದರೂ ಚಕ್ರಕ್ಕೆ ಆಸ್ಪದವಿಲ್ಲ, ನೇರವಾದ ಸಾಲೇ ಆಗಬೇಕು. ವಿದ್ಯಾರ್ಥಿಗಳು ಕಾಗದದ ಮೇಲೆ ಬಾಣಗಳನ್ನು ಹಾಕಿ ಪರೀಕ್ಷಿಸಬಹುದು. ನಮ್ಮ ಪ್ರಕೃತ ವಿಷಯಕ್ಕೆ ಇದರಿಂದ ದೊರೆಯುವ ಪಾಠ ಸ್ಪಷ್ಟ. ಸೋತು ನಿಂತ ಕೋಳಿಯು ಮತ್ತೂ ಸೋಲುವ ಸಂಭವವೇ ಹೆಚ್ಚು. ನಮ್ಮ ಸಂತೆಯ ಹೇಂಟೆ ಮೊದಲನೆಯ ಬೆಳಿಗ್ಗೆಯೇ ಸೋತಿತ್ತು; ಉಳಿದವು ಅದನ್ನು ನೋಡಿದ್ದುವು.

ಅಶಾಂತಿಯ ಬೆಲೆ

ಹಿಂಡಿನ ಸ್ಥಿರತೆಗೂ ಮೊಟ್ಟೆಗೂ ಸಂಬಂಧವೇನು? ಚಿಕಾಗೋ ವಿಶ್ವವಿದ್ಯಾನಿಲಯದ ಗುಹ್ಲ್ ಮತ್ತು ಅಲೀ ಎಂಬವರು 1944ರಲ್ಲಿ ಪ್ರಕಟಿಸಿದ ಪ್ರಯೋಗ ಪ್ರಸಿದ್ಧವಾದುದು. ಅವರು ಕೆಲವು ಹಿಂಡುಗಳ ಸದಸ್ಯತ್ವವನ್ನು ಬದಲಿಸದೆ ಹಾಗೆಯೇ ಬಿಟ್ಟರು. ಮತ್ತೆ ಕೆಲವು ಹಿಂಡುಗಳಲ್ಲಿ ಆಗಾಗ್ಗೆ ಒಂದು ಕೋಳಿಯನ್ನು ತೆಗೆದು ಅದರ ಸ್ಥಳದಲ್ಲಿ ಅಪರಿಚಿತವಾದ ಇನ್ನೊಂದನ್ನು ಬಿಡುತ್ತ ಬಂದರು. ಬದಲಾಗುತ್ತಿದ್ದ ಹಿಂಡುಗಳಲ್ಲಿ ಕುಕ್ಕಾಟ ಹೆಚ್ಚಾಯಿತು, ತಿನ್ನುವುದು ಕಡಿಮೆಯಾಯಿತು, ಮೊಟ್ಟೆಗಳೂ ಕಡಿಮೆಯಾದುವು. ಅಶಾಂತಿಯ ಬೆಲೆಯನ್ನು ತೆತ್ತುದು ಹೊಸ ಕೋಳಿಯೊಂದೇ ಅಲ್ಲ, ಇಡೀ ಹಿಂಡು. ನಮ್ಮ ಮನೆಯಲ್ಲಿ ಮೂರು ಮೊಟ್ಟೆ ಒಂದಾದುದರಲ್ಲಿ ಇದರ ಪಾಲೂ ಇದ್ದಿರಬೇಕು. ನಮ್ಮ ಸೀಮೆಯ ಅನೇಕ ಮನೆಗಳಲ್ಲಿ ಮೊಟ್ಟೆಯ ಹಣವು ಹೆಂಗಸರ ಕೈಯ ಸ್ವಂತ ಹಣ. ಮಕ್ಕಳ ಪುಸ್ತಕ, ಬಸ್ಸಿನ ಖರ್ಚು ಅದರಿಂದ ನಡೆಯುವುದುಂಟು. ಆದುದರಿಂದ ಈ ವಿಷಯವನ್ನು ಹಾಸ್ಯಕ್ಕೆ ಬಿಡುವಂತಿಲ್ಲ.

ಹಿಂಡಿನ ಸ್ಥಿರತೆಯು ಪರಸ್ಪರ ಗುರುತಿನ ಮೇಲೆ ನಿಂತಿದೆ. ಕೋಳಿಗಳು ಒಂದನ್ನೊಂದು ಮುಖ್ಯವಾಗಿ ತಲೆ, ಜುಟ್ಟು, ಕತ್ತಿನ ಭಾಗಗಳಿಂದ ಗುರುತಿಸುತ್ತವೆ. ಜುಟ್ಟಿನ ಆಕಾರವನ್ನೋ ಗರಿಗಳ ಬಣ್ಣವನ್ನೋ ಬದಲಿಸಿದರೆ ಹಳೆಯ ಸಂಗಾತಿಯೇ ಅಪರಿಚಿತನಂತೆ ಏಟು ತಿನ್ನುವುದುಂಟು. ಕೆಲವು ವಾರಗಳ ಕಾಲ ಕಣ್ಮರೆಯಾಗಿದ್ದ ಕೋಳಿಯೂ ಹಿಂದಿರುಗಿದಾಗ ಹೊಸಬನೇ. ಕಾಯಿಲೆಯೆಂದು ದೂರವಿಟ್ಟಿದ್ದ ಹೇಂಟೆಯನ್ನು ಮತ್ತೆ ಬಿಟ್ಟಾಗ ಏಕೆ ಜಗಳವಾಯಿತೆಂದು ಬೆರಗಾಗುವವರು ಇದನ್ನು ನೆನಪಿಡಬೇಕು.

ತೋಟವೂ ನಿವೇಶನವೂ

ಚನ್ನರಾಯಪಟ್ಟಣದ ಕಡೆಯ ನಮ್ಮ ವಿದ್ಯಾರ್ಥಿಯೊಬ್ಬನು ಈ ಕಥೆಯನ್ನು ಕೇಳಿ, “ಸಾರ್, ನಮ್ಮ ತೆಂಗಿನ ತೋಟದಲ್ಲಿ ಹೊಸ ಕೋಳಿಯನ್ನು ಹಾಗೆಯೇ ಬಿಡುತ್ತೇವೆ, ಎರಡು ಸಲ ಕುಕ್ಕಿ ಸುಮ್ಮನಾಗುತ್ತವೆ,” ಎಂದನು. ಅವನ ಮಾತು ನಿಜ. ಸೋಲನ್ನು ಒಪ್ಪಿಕೊಳ್ಳಲು ಕೋಳಿಗೆ ಇರುವ ಭಾಷೆ ಒಂದೇ: ಓಡಿಹೋಗುವುದು. ತೆಂಗಿನ ತೋಟದಲ್ಲಿ ಹತ್ತು ಮಾರು ಓಡಿದರೆ ಕಲಹ ಮುಗಿಯಿತು. ಗೆದ್ದುದು ಅಷ್ಟಕ್ಕೇ ತೃಪ್ತಿಪಟ್ಟು ಕಾಳಿಗೆ ಹಿಂದಿರುಗುತ್ತದೆ. ಹಾಸನದ ಹತ್ತು ಅಡಿಯ ಹಿತ್ತಿಲಲ್ಲಿ ಓಡಿದರೆ ಸಿಕ್ಕುವುದು ಗೋಡೆ. ಎರಡು ಗೋಡೆಗಳು ಕೂಡುವ ಮೂಲೆಯಂತೂ ಬೋನಿದ್ದಂತೆ. ಸೋತ ಕೋಳಿಯು ಶರಣಾದರೂ ಮೇಲಿನದರ ಕಣ್ಣ ಮುಂದೆಯೇ ನಿಂತಿರುವುದರಿಂದ ಏಟು ನಿಲ್ಲುವುದಿಲ್ಲ. ಕೋಳಿಗಳ ಸ್ವಭಾವ ಎರಡು ಕಡೆಯೂ ಒಂದೇ, ಬದಲಾಗಿರುವುದು ರೇಖಾಗಣಿತ.

ಆದುದರಿಂದ ಇಕ್ಕಟ್ಟಿನ ಜಾಗದಲ್ಲಿ ಸಾಕುವವರು ತೋಟದ ಗುಣವನ್ನು ಉಪಾಯದಿಂದ ತಂದುಕೊಳ್ಳಬೇಕು. ಮೂಲೆಗಳಿಗೆ ಅಡ್ಡಲಾಗಿ ಒಂದು ಹಲಗೆಯನ್ನು ಓರೆಯಾಗಿ ನಿಲ್ಲಿಸಿ, ಅದರ ಹಿಂದೆ ಕೋಳಿ ನುಸುಳಿ ಇನ್ನೊಂದು ಬದಿಯಿಂದ ಹೊರಬರುವಂತೆ ಮಾಡಬಹುದು. ಹಳೆಯ ಪೆಟ್ಟಿಗೆ, ಸೌದೆಯ ಕಂತೆ, ತೆಂಗಿನ ಗರಿ, ಯಾವುದಾದರೂ ನೋಟಕ್ಕೆ ಮರೆಯಾದರೆ ಸಾಕು. ಕುಳಿತುಕೊಳ್ಳಲು ಎರಡು ಮೂರು ಎತ್ತರಗಳಲ್ಲಿ ಗಳುಗಳನ್ನು ಕಟ್ಟಬೇಕು. ರಾಗಿ, ನುಚ್ಚುಗಳನ್ನು ಒಂದೇ ಕಡೆ ಗುಡ್ಡೆ ಹಾಕಿದರೆ ಒಂದೇ ಹೇಂಟೆ ಅದನ್ನು ಕಾವಲು ಕಾಯಬಲ್ಲುದು. ದೂರ ದೂರವಾಗಿ ಎರಡು ಮೂರು ಕಡೆ ಇಟ್ಟರೆ ಅದು ಎಲ್ಲ ಕಡೆಯೂ ಇರಲಾರದು. ನೀರಿಗೂ ಇದೇ ನಿಯಮ.

ಸೇರಿಸುವ ವಿಧಾನ

ಮೊದಲನೆಯ ಹಂತ ಪ್ರತ್ಯೇಕವಾಸ. ನಮ್ಮ ಎರಡು ಹಳೆಯ ಕೋಳಿಗಳನ್ನು ಕೊಂದುದು ಕೊಕ್ಕರೆ ರೋಗ. ಇಂಗ್ಲೆಂಡಿನ ನ್ಯೂಕ್ಯಾಸಲ್ ಊರಿನಲ್ಲಿ 1926ರಲ್ಲಿ ಕಾಣಿಸಿಕೊಂಡುದರಿಂದ ಅದಕ್ಕೆ ಆ ಊರಿನ ಹೆಸರು. ಅದೇ ದಶಕದ ಉತ್ತರಾರ್ಧದಲ್ಲಿ ನಮ್ಮ ದೇಶದ ರಾಣಿಖೇತದಲ್ಲಿ ಕಂಡುದರಿಂದ ಇಲ್ಲಿ ರಾಣಿಖೇತ್ ರೋಗವೆಂದು ಹೆಸರು. ವೈರಸ್ಸಿನಿಂದ ಬರುವ ಈ ರೋಗವು ತಗುಲಿದ ಐದಾರು ದಿನಗಳಲ್ಲಿ ಸಾಮಾನ್ಯವಾಗಿ ಹೊರಬೀಳುತ್ತದೆಯಾದರೂ ಕೆಲವೊಮ್ಮೆ ಎರಡು ವಾರ, ಅದಕ್ಕೂ ಹೆಚ್ಚು ಹಿಡಿಯುವುದುಂಟು. ಸಂತೆಯಲ್ಲಿ ಲವಲವಿಕೆಯಿಂದಿದ್ದ ಕೋಳಿಯು ರೋಗವನ್ನು ಹೊತ್ತಿರಬಹುದೆಂಬುದಕ್ಕೆ ಇದೇ ಕಾರಣ. ಆದಕಾರಣ ಹೊಸ ಕೋಳಿಗಳನ್ನು ಮೂರು ನಾಲ್ಕು ವಾರ ಹಳೆಯವುಗಳಿಂದ ಸಾಧ್ಯವಾದಷ್ಟು ದೂರದಲ್ಲಿ, ಬೇರೆ ತಟ್ಟೆ ಬೇರೆ ನೀರಿನ ಪಾತ್ರೆಗಳೊಡನೆ ಇಡತಕ್ಕದ್ದು. ಮೊದಲು ಹಳೆಯವುಗಳಿಗೆ ಮೇವು ಹಾಕಿ ಆಮೇಲೆ ಹೊಸವುಗಳ ಬಳಿಗೆ ಹೋಗಬೇಕು. ಬಂದ ಮೇಲೆ ಕೈಕಾಲು, ಚಪ್ಪಲಿಗಳನ್ನು ತೊಳೆಯಬೇಕು. ಹೇನು, ಉಣ್ಣೆ, ಭೇದಿ, ಗೊರಗೊರ ಉಸಿರು ಇವೆಯೇ ಎಂದು ದಿನವೂ ನೋಡಬೇಕು. ಹಳೆಯವುಗಳಿಗೂ ಹೊಸವುಗಳಿಗೂ ಲಸಿಕೆ ಆಗಿದೆಯೇ ಎಂದು ಸರಕಾರಿ ಪಶುವೈದ್ಯರಲ್ಲಿ ವಿಚಾರಿಸುವುದು ಅಗತ್ಯ. ನಾವು ಆ ಲಸಿಕೆಯ ದಿನವನ್ನು ಮುಂದೂಡುತ್ತ ಬಂದಿದ್ದೆವು; ಅದರ ಫಲವನ್ನು ಉಂಡೆವು. ಒಮ್ಮೆಗೇ ಹಲವು ಕೋಳಿಗಳು ಸತ್ತರೆ ಮುಚ್ಚಿಡದೆ ಪಶು ಆಸ್ಪತ್ರೆಗೆ ತಿಳಿಸಬೇಕು.

ಎರಡನೆಯದು ನೋಡಬಹುದು, ಮುಟ್ಟಲಾಗದು ಎಂಬ ಹಂತ. ಇದೇ ನಮ್ಮ ತಾಯಿಯವರ ಮಂಕರಿ. ಹಳ್ಳಿಗಳಲ್ಲಿ ಹೊಸ ಕೋಳಿಯನ್ನು ಕೆಲವು ದಿನ ಅಂಗಳದಲ್ಲೇ ಬಿದಿರಿನ ಮಂಕರಿಯ ಕೆಳಗೆ ಮುಚ್ಚಿಡುತ್ತಾರೆ. ಮನೆ ಪಳಗಲೆಂದೂ, ದಾರಿ ತಪ್ಪಿ ಹೋಗದಿರಲೆಂದೂ ಅವರು ಕಾರಣ ಕೊಡುತ್ತಾರೆ. ಇದರಿಂದ ಇನ್ನೊಂದು ಲಾಭವೂ ಆಗುತ್ತದೆ. ಬಿದಿರಿನ ಸಂದಿಯಿಂದ ಹಳೆಯವು ಹೊಸದನ್ನು ನೋಡುತ್ತವೆ, ಸುತ್ತ ತಿರುಗುತ್ತವೆ, ಬೆದರಿಸುತ್ತವೆ. ಆದರೆ ಏಟು ತಗುಲುವುದಿಲ್ಲ. ದಿನ ಕಳೆದಂತೆ ಅಪರಿಚಿತ ಮುಖವು ಪರಿಚಿತವಾಗುತ್ತದೆ. ಈಗ ಅನುಕೂಲವಿದ್ದವರು ಮಂಕರಿಯ ಬದಲು ತಂತಿ ಜಾಲರಿಯ ಅಡ್ಡಗೋಡೆಯನ್ನು ಕಟ್ಟಿ ಒಂದು ವಾರ ಹತ್ತು ದಿನ ಹೀಗೆ ಇಡಬಹುದು. ಜಾಲರಿಯ ಎರಡು ಬದಿಗೂ ಹತ್ತಿರದಲ್ಲೇ ಮೇವು ಹಾಕಿದರೆ ಜೊತೆಯಲ್ಲಿ ತಿನ್ನುವ ಅಭ್ಯಾಸವೂ ಆಗುತ್ತದೆ. ಕಾಲಿಗೆ ದಾರ ಕಟ್ಟಿ ಬಯಲಿನಲ್ಲಿ ನಿಲ್ಲಿಸುವ ಪದ್ಧತಿ ಮಾತ್ರ ಸರಿಯಲ್ಲ. ಕಟ್ಟಿದ ಕೋಳಿಯು ಓಡಲಾರದು, ಮಂಕರಿಯ ರಕ್ಷಣೆಯೂ ಅದಕ್ಕಿಲ್ಲ.

ಮೂರನೆಯದು ಕೂಡಿಸುವ ಹಂತ. ಜಾಲರಿಯನ್ನು ತೆಗೆದು, ಸಂಜೆಯ ಹೊತ್ತು ಒಂದು ಗಂಟೆಯ ಕಾಲ, ನಾವು ಎದುರಿಗಿರುವಾಗ ಒಟ್ಟಿಗೆ ಬಿಡಬೇಕು. ದಿನದಿನಕ್ಕೆ ಅವಧಿಯನ್ನು ಹೆಚ್ಚಿಸಬೇಕು. ರಾತ್ರಿಯಲ್ಲಿ ಗೂಡಿಗೆ ಸೇರಿಸಿದರೆ ಜಗಳವೇ ಆಗದೆಂಬ ಮಾತು ಅರ್ಧಸತ್ಯ. ಕೋಳಿಯ ಕಣ್ಣು ಹಗಲಿನ ಕಣ್ಣು. ಮಂದ ಬೆಳಕಿನಲ್ಲಿ ಕೆಲಸ ಮಾಡುವ ಜೀವಕೋಶಗಳು ಅದರಲ್ಲಿ ಕಡಿಮೆ. ಕತ್ತಲಲ್ಲಿ ಅದು ಕಾದಾಡದಿರುವುದು ಕಾಣದ ಕಾರಣದಿಂದ, ಒಪ್ಪಿದ ಕಾರಣದಿಂದಲ್ಲ. ಪರಿಚಯವಾದ ಮೇಲೆ ರಾತ್ರಿ ಸೇರಿಸುವುದು ಒಳ್ಳೆಯದು. ಪರಿಚಯದ ಬದಲಾಗಿ ಅದು ಸಲ್ಲದು. ನಾವು ಮಾಡಿದ ತಪ್ಪು ಇದೇ.

ಗಾತ್ರದ ವಿಷಯವನ್ನೂ ಮರೆಯಕೂಡದು. ಬೆಂಗಳೂರಿನ ಹೆಬ್ಬಾಳದಲ್ಲಿ ರೂಪುಗೊಂಡ ಗಿರಿರಾಜ, ಸ್ವರ್ಣಧಾರಾ ತಳಿಗಳು ನಾಟಿ ಕೋಳಿಗಿಂತ ಭಾರಿ. ಹಗುರವಾದ ನಾಟಿ ಹೇಂಟೆಯನ್ನೋ ಎಳೆಯ ಮರಿಗಳನ್ನೋ ಅವುಗಳ ನಡುವೆ ಬಿಡುವಾಗ ಎಚ್ಚರ ಇಮ್ಮಡಿಯಾಗಿರಬೇಕು. ಮರಿಗಳು ಹೆಚ್ಚು ಕಡಿಮೆ ದೊಡ್ಡವುಗಳ ಗಾತ್ರಕ್ಕೆ ಬರುವವರೆಗೆ ಕಾಯುವುದು ಲೇಸು.

ಬೆನ್ನಟ್ಟುವುದು, ಒಂದೆರಡು ಕುಕ್ಕು, ಒಂದೆರಡು ಗರಿ ಉದುರುವುದು ಇವು ಸಹಜ. ನಡುವೆ ಬಿದ್ದು ಬಿಡಿಸಿದರೆ ನಿಶ್ಚಯವಾಗಬೇಕಾದುದು ನಿಶ್ಚಯವಾಗದೆ ಕಲಹ ಮುಂದುವರಿಯುತ್ತದೆ. ಆದರೆ ರಕ್ತ ಕಂಡೊಡನೆ ಗಾಯಗೊಂಡುದನ್ನು ಎತ್ತಿ ಬೇರಿಡಬೇಕು. ಕೆಂಪು ಬಣ್ಣವು ಉಳಿದವುಗಳನ್ನು ಸೆಳೆದು ಮತ್ತೆ ಮತ್ತೆ ಅಲ್ಲೇ ಕುಕ್ಕಿಸುತ್ತದೆ. ಒಂದು ಕೋಳಿಯು ದಿನವೆಲ್ಲ ಮೂಲೆ ಬಿಟ್ಟು ಬಾರದೆ, ಮೇವಿಗೂ ಬಾರದಿದ್ದರೆ ಅದು ಸಹಜವಲ್ಲ. ಒಂದೇ ಹೇಂಟೆ ವಿಪರೀತವಾಗಿ ಕಾಡುತ್ತಿದ್ದರೆ, ಹೊಸದನ್ನಲ್ಲ, ಆ ಕಾಡುವ ಹೇಂಟೆಯನ್ನೇ ಕೆಲವು ದಿನ ಬೇರಿಟ್ಟು ನೋಡಬೇಕು. ಹಿಂದಿರುಗುವಾಗ ಅದರ ಅಧಿಕಾರ ಸ್ವಲ್ಪ ಇಳಿದಿರುವುದುಂಟು.

ವಿದ್ಯಾರ್ಥಿಗಳು ಮಾಡಬಹುದಾದ ವೀಕ್ಷಣೆ

ಮನೆಯಲ್ಲಿ ಕೋಳಿಗಳಿರುವ ವಿದ್ಯಾರ್ಥಿಗಳು ಖರ್ಚಿಲ್ಲದೆ ಒಂದು ಪ್ರಯೋಗ ನಡೆಸಬಹುದು. ಪ್ರತಿ ಕೋಳಿಯ ಕಾಲಿಗೂ ಒಂದೊಂದು ಬಣ್ಣದ ದಾರವನ್ನು ಸಡಿಲವಾಗಿ ಕಟ್ಟಿರಿ. ಕಾಗದದ ಮೇಲೆ ಚೌಕದ ಕೋಷ್ಟಕ ಬರೆದು, ಎಡಬದಿಯಲ್ಲಿ ಕುಕ್ಕಿದ ಕೋಳಿ, ಮೇಲ್ಬದಿಯಲ್ಲಿ ಕುಕ್ಕಿಸಿಕೊಂಡ ಕೋಳಿ ಎಂದು ಹೆಸರಿಸಿರಿ. ಬೆಳಗಿನ ಮೇವಿನ ಹೊತ್ತಿನಲ್ಲಿ ಹದಿನೈದು ನಿಮಿಷ ಕುಳಿತು, ಕಂಡ ಪ್ರತಿ ಕುಕ್ಕಿಗೂ ತಕ್ಕ ಚೌಕದಲ್ಲಿ ಒಂದು ಗೆರೆ ಎಳೆಯಿರಿ. ಒಂದು ವಾರದ ಬಳಿಕ ಅತಿ ಹೆಚ್ಚು ಕೋಳಿಗಳನ್ನು ಕುಕ್ಕಿದುದನ್ನು ಮೇಲಿಟ್ಟು ಕೋಷ್ಟಕವನ್ನು ಮತ್ತೆ ಬರೆದರೆ, ಗೆರೆಗಳೆಲ್ಲ ಕರ್ಣರೇಖೆಯ ಒಂದೇ ಬದಿಗೆ ಸೇರಿರುವುದನ್ನು ಕಾಣುವಿರಿ. ಇನ್ನೊಂದು ಬದಿಯಲ್ಲಿ ಗೆರೆ ಉಳಿದಿದ್ದರೆ, ಅಲ್ಲಿ ಚಕ್ರವಿದೆಯೇ ಎಂದು ಹುಡುಕಿರಿ.

ನಾವು ಕೂಡ ಹೀಗೆಯೇ ಮಾಡಿದೆವು. ಅನಾಹುತವಾದ ಕೆಲವು ತಿಂಗಳ ಮೇಲೆ, ಉಳಿದ ನಾಲ್ಕು ಹೇಂಟೆಗಳ ಜೊತೆಗೆ ಒಟ್ಟಿಗೆ ಬೆಳೆದ ಮೂರನ್ನು ತಂದು, ನಾಲ್ಕು ವಾರ ದೂರವಿಟ್ಟು, ಹತ್ತು ದಿನ ಜಾಲರಿಯ ಆಚೆ ಇಟ್ಟು, ಆಮೇಲೆ ಬಿಟ್ಟೆವು. 12 ಹೊಸ ಸಂಬಂಧಗಳು ನಿಶ್ಚಯವಾಗಬೇಕಿತ್ತು. ಮೊದಲ ದಿನ ಕೋಷ್ಟಕದ ಚೌಕಗಳು ಗೆರೆಗಳಿಂದ ತುಂಬಿದುವು. ದಿನದಿನಕ್ಕೆ ಗೆರೆಗಳು ವಿರಳವಾಗುತ್ತ ಬಂದು, ಎರಡು ವಾರ ಕಳೆಯುವುದರೊಳಗೆ ಹದಿನೈದು ನಿಮಿಷಕ್ಕೆ ಒಂದೆರಡು ಗೆರೆ ಎಳೆಯುವುದೂ ಕಷ್ಟವಾಯಿತು. ಕಾಯಿಸಿದ ವಸ್ತುವು ಮೊದಲು ಬೇಗ ಬೇಗನೆ, ಆಮೇಲೆ ನಿಧಾನವಾಗಿ ತಣಿದು ಸುತ್ತಲಿನ ಉಷ್ಣತೆಗೆ ಬರುವ ಪರಿಯನ್ನು ನಾವು ತರಗತಿಯಲ್ಲಿ ವರ್ಷ ವರ್ಷವೂ ಬೋಧಿಸುತ್ತೇವೆ. ಆ ವಕ್ರರೇಖೆಯನ್ನೇ ಹೋಲುವುದೊಂದನ್ನು ಹಿತ್ತಿಲಲ್ಲಿ ಕಂಡಾಗ ಆದ ಸಂತೋಷ ಅಷ್ಟಿಷ್ಟಲ್ಲ.

ಯಾವ ಕೋಳಿಯ ಕಣ್ಣೂ ಹೋಗಲಿಲ್ಲ. ಮೊಟ್ಟೆ ನಾಲ್ಕೈದು ದಿನ ಕಡಿಮೆಯಾಗಿ ಮತ್ತೆ ಏರಿತು. ಸಮಾಚಾರ ತಿಳಿಸಿದಾಗ ನಮ್ಮ ತಾಯಿಯವರು, “ಇಷ್ಟಕ್ಕೆ ಪುಸ್ತಕ ಬೇಕಿತ್ತೇನಪ್ಪ?” ಎಂದರು. ಬೇಕಿತ್ತು ಎಂದೇ ನಮ್ಮ ಉತ್ತರ. ಮಂಕರಿ ಹಾಕಬೇಕೆಂದು ಅವರಿಗೆ ಗೊತ್ತಿತ್ತು. ಏಕೆ ಹಾಕಬೇಕೆಂಬುದು ಗೊತ್ತಾದರೆ, ಮಂಕರಿಯೇ ಇಲ್ಲದ ಊರಿನಲ್ಲೂ ಅದರ ಕೆಲಸವನ್ನು ಬೇರೊಂದರಿಂದ ಮಾಡಿಸಬಹುದು.